ಬಿಲ್ಲಿನ ಮಾರ್ಗ

ಜಪಾನಿನ ಬಿಲ್ವಿದ್ಯೆಗೆ ‘ಕ್ಯೂದೋ’ ಎಂದು ಹೆಸರು. ಬಿಲ್ಲಿನ ಮಾರ್ಗವೆಂದು ಅದರ ಅರ್ಥ. ಬಿಲ್ಲು 2 ಮೀಟರಿಗಿಂತ ಉದ್ದ. ಹಿಡಿಯು ನಡುವಿನಲ್ಲಿರದೆ ಕೆಳಗಿರುವುದೇ ಅದರ ವೈಚಿತ್ರ್ಯ. ಗುರಿ 28 ಮೀಟರ್ ದೂರದಲ್ಲಿದ್ದರೂ ಹೊಸಬರು ಮೊದಲು ಸಮೀಪದ ಹುಲ್ಲಿನ ಕಟ್ಟಿಗೆ ಬಾಣ ಬಿಟ್ಟು ಪಳಗಬೇಕು.

1924ರಲ್ಲಿ ಸೆಂದಾಯ್ ನಗರಕ್ಕೆ ತತ್ತ್ವಶಾಸ್ತ್ರವನ್ನು ಬೋಧಿಸಲು ಬಂದ ಜರ್ಮನಿಯ ಯೂಜೆನ್ ಹೆರಿಗೆಲ್ಲರು ಅಲ್ಲಿ ಅವಾ ಕೆಂಜೋ ಎಂಬ ಗುರುವಿನ ಶಿಷ್ಯರಾದರು. ಬಾಣವು ತಾನಾಗಿಯೇ ಹೊರಡಬೇಕೆಂಬುದು ಗುರುವಿನ ಬೋಧೆ. ವರ್ಷಗಳು ಉರುಳಿದರೂ ಶಿಷ್ಯರಿಗೆ ಅದು ಸಾಧ್ಯವಾಗಲಿಲ್ಲ. ಕೊನೆಗೆ ರಜೆಯಲ್ಲಿ, ಬೆರಳುಗಳನ್ನು ಮೆಲ್ಲನೆ ಸಡಿಲಿಸುವ ಯುಕ್ತಿಯೊಂದನ್ನು ಕಂಡುಕೊಂಡು, ಹಿಗ್ಗಿನಿಂದ ಗುರುವಿನ ಮುಂದೆ ಪ್ರಯೋಗಿಸಿದರು. ಬಾಣವೇನೋ ಸರಾಗವಾಗಿ ಹೊರಟಿತು. ಗುರುಗಳು ಇನ್ನೊಮ್ಮೆ ಬಿಡಹೇಳಿದರು. ಎರಡನೆಯದನ್ನೂ ನೋಡಿ, ಮಾತಿಲ್ಲದೆ ಬಿಲ್ಲನ್ನು ತೆಗೆದುಕೊಂಡು, ಬೆನ್ನು ತಿರುಗಿಸಿ ಕುಳಿತುಬಿಟ್ಟರು. ಇನ್ನೆಂದೂ ಹಾಗೆ ಮಾಡೆನೆಂದು ಮಾತು ಕೊಟ್ಟ ಬಳಿಕವೇ ಪಾಠ ಮುಂದುವರಿಯಿತೆಂದು ಹೆರಿಗೆಲ್ಲರೇ ಬರೆದಿದ್ದಾರೆ.