ವಿಶೇಷ ಶಿಕ್ಷಣದಲ್ಲಿ ಸಾಧನವಿವೇಕ

ನಮ್ಮ ಪ್ರಾಚೀನ ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸುತ್ತಿದ್ದರು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಈ ನಾಲ್ಕರಲ್ಲಿ ಅಧಿಕಾರಿಯೆಂದರೆ ಆ ವಿದ್ಯೆಗೆ ಅರ್ಹನಾದ ವಿದ್ಯಾರ್ಥಿ. ಅವನಾರೆಂದು ಅರಿಯದೆ ಬೋಧನೆಗೆ ತೊಡಗಬಾರದೆಂಬುದು ಅವರ ಆಶಯ. ದೃಷ್ಟಿ, ಶ್ರವಣ ಮೊದಲಾದವುಗಳಲ್ಲಿ ನ್ಯೂನತೆಯುಳ್ಳ ಮಕ್ಕಳಿಗೆ ಕಲಿಕೆಯ ಸಾಧನಗಳನ್ನು ಆರಿಸುವಾಗಲೂ ಇದೇ ವಿವೇಕವು ಅವಶ್ಯವಾಗಿದೆ.

ಅಮೆರಿಕದ ಶಿಕ್ಷಣತಜ್ಞೆ ಜಾಯ್ ಜಬಾಲಾ ಅವರು ಈ ಆಯ್ಕೆಗೆ ವಿದ್ಯಾರ್ಥಿ, ಪರಿಸರ, ಕಾರ್ಯ, ಸಾಧನ ಎಂಬ ಕ್ರಮವನ್ನು ಸೂಚಿಸಿದ್ದಾರೆ. ಸಾಧನವು ಇಲ್ಲಿ ಕೊನೆಯದು. ನಾವಾದರೋ ಬಹುಮಟ್ಟಿಗೆ ಅದನ್ನೇ ಮೊದಲಿಗಿಡುತ್ತೇವೆ. ಈ ದೋಷಕ್ಕೆ ನಾನೂ ಹೊರತಾದವನಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮಂದದೃಷ್ಟಿಯ ಬಾಲಕನೊಬ್ಬನಿದ್ದನು. ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರೊಂದನ್ನು ಉದಾರಿಗಳೊಬ್ಬರು ಅವನಿಗಾಗಿ ಕೊಡಿಸಿದರು. ಬಾಲಕನು ಪಾಠಗಳನ್ನು ಕೇಳಿ, ಕಂಠಸ್ಥಮಾಡಿ ನಿರರ್ಗಳವಾಗಿ ಒಪ್ಪಿಸತೊಡಗಿದನು. ಎಲ್ಲರೂ ಹರ್ಷಪಟ್ಟೆವು. ವರ್ಷಾಂತ್ಯದಲ್ಲಿ ಉಕ್ತಲೇಖನ ಕೊಟ್ಟಾಗ ಮಾತ್ರ ಅವನ ಬರವಣಿಗೆಯಲ್ಲಿ ಶಕಾರ ಷಕಾರಗಳು ಅದಲುಬದಲಾಗಿದ್ದವು, ಮಹಾಪ್ರಾಣಗಳು ಮಾಯವಾಗಿದ್ದವು. ತಪ್ಪು ಅವನದಲ್ಲ, ನನ್ನದು. ಕಿವಿಗೆ ಬಿದ್ದುದನ್ನು ಅವನು ಬರೆದಿದ್ದನು; ಅಕ್ಷರದ ಆಕಾರವನ್ನು ನಾನು ಅವನಿಗೆ ತಲುಪಿಸಿಯೇ ಇರಲಿಲ್ಲ. ಅನಂತರ ನೇತ್ರವೈದ್ಯರಲ್ಲಿ ತೋರಿಸಿ, ಬೆಳಕು ಹಿಂದಿನಿಂದ ಪುಸ್ತಕದ ಮೇಲೆ ಬೀಳುವಂತೆ ಕೂರಿಸಿ, ದಪ್ಪಕ್ಷರದ ಪಾಠವನ್ನೂ ಒಂದು ಭೂತಗನ್ನಡಿಯನ್ನೂ ಕೊಟ್ಟಾಗ ಅವನು ತಾನೇ ಓದಿದನು.

ದೃಷ್ಟಿ ಸಂಪೂರ್ಣವಾಗಿ ಇಲ್ಲದ ಮಗುವಿಗೆ ಭೂತಗನ್ನಡಿ ವ್ಯರ್ಥ. ಅಲ್ಲಿ ಬೆರಳೇ ಕಣ್ಣು. ಫ್ರಾನ್ಸಿನ ಲೂಯಿ ಬ್ರೈಲ್ ತನ್ನ 15ನೆಯ ವಯಸ್ಸಿನಲ್ಲಿ, 1824ರಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಭಾರತೀಯ ಭಾಷೆಗಳಿಗಾಗಿ ಏಕರೂಪದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಅದರಲ್ಲಿ ಶಕಾರಕ್ಕೊಂದು, ಷಕಾರಕ್ಕೊಂದು ಪ್ರತ್ಯೇಕ ಸಂಕೇತವಿದೆ. ಅಲ್ಪಪ್ರಾಣ ಮಹಾಪ್ರಾಣಗಳೂ ಬೇರೆ ಬೇರೆಯಾಗಿಯೇ ಬೆರಳಿಗೆ ತಿಳಿಯುತ್ತವೆ. ಆದುದರಿಂದ ಕಾಗುಣಿತ ಕಲಿಯಬೇಕಾದ ಮಗುವಿಗೆ ಬ್ರೈಲ್ ಅನಿವಾರ್ಯ.

ಹಾಗೆಂದು ಧ್ವನಿಯಂತ್ರವನ್ನು ಹಳಿಯಲಾಗದು. ಕಾದಂಬರಿ, ವೃತ್ತಪತ್ರಿಕೆಗಳಂಥ ವಿಸ್ತಾರವಾದ ಓದಿಗೆ ಅದು ಮಹದುಪಕಾರಿ. ಆಸ್ಟ್ರೇಲಿಯದಲ್ಲಿ ಸ್ವತಃ ದೃಷ್ಟಿಹೀನರಾದ ಮೈಕೇಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶವು ಕನ್ನಡವನ್ನೂ ಓದುತ್ತದೆ, ಅದಕ್ಕೆ ಬೆಲೆಯಿಲ್ಲ. ಕಾರ್ಯವಾವುದೆಂಬುದರ ಮೇಲೆ ಸಾಧನವಾವುದೆಂಬುದು ನಿರ್ಣಯವಾಗಬೇಕೇ ಹೊರತು ಬೆಲೆಯ ಮೇಲಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಕಾಯಿದೆಯು ನಿಗದಿಪಡಿಸಿದ ಪ್ರಮಾಣದಲ್ಲಿ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕಗಳನ್ನೂ ತಕ್ಕ ಸಾಧನಗಳನ್ನೂ ಉಚಿತವಾಗಿ ಒದಗಿಸಬೇಕೆಂದು ವಿಧಿಸಿದೆ. ಆದಕಾರಣ ಇದು ಮಗುವಿನ ಹಕ್ಕು; ಕೇವಲ ನಮ್ಮ ಕರುಣೆಯ ಮಾತಲ್ಲ. ‘ತಕ್ಕ’ ಎಂಬ ಪದವನ್ನು ಸಾರ್ಥಕಗೊಳಿಸುವ ಹೊಣೆ ಉಪಾಧ್ಯಾಯರದು.

ದಾನಿಗಳಾದ ಮಹನೀಯರಲ್ಲಿ ನನ್ನ ವಿನಂತಿಯಿಷ್ಟೆ. ಯಾವ ಯಂತ್ರ ಕೊಡಲೆಂದು ಕೇಳುವ ಮೊದಲು ಈ ಮಗುವಿಗೆ ಯಾವ ಕೆಲಸ ಕಷ್ಟವೆಂದು ಕೇಳಿರಿ. ಕೊಡುವ ಮುನ್ನ ಕೆಲವು ವಾರ ಬಳಸಿ ನೋಡಲು ಅವಕಾಶವಿರಲಿ. ಯಂತ್ರದ ಜೊತೆಗೆ ಅದರ ದುರಸ್ತಿಗೂ ಉಪಾಧ್ಯಾಯರ ತರಬೇತಿಗೂ ಒಂದು ಪಾಲನ್ನು ಮೀಸಲಿಡಿರಿ. ಎಲ್ಲಕ್ಕೂ ಮಿಗಿಲಾಗಿ, ಅದರಿಂದ ಅನುಕೂಲವಾಯಿತೇ ಎಂದು ಆ ಮಗುವನ್ನೇ ಕೇಳೋಣ. ನನ್ನ ವಿದ್ಯಾರ್ಥಿಯನ್ನು ನಾನು ಕೇಳಿದ್ದು ಒಂದು ವರ್ಷ ಕಳೆದ ಮೇಲೆ.