ವ್ಯಾಯಾಮಕ್ಕೆ ಹೃದಯ ಬಡಿತ ಮಾಪಕ: ಆಯ್ಕೆ ಮತ್ತು ವಿವೇಕ

ಕಾಯಕಕ್ಕೆ ಕಾಯವೇ ಮೊದಲ ಸಾಧನ. ಶರಣ ಪರಂಪರೆಯು ದೇಹವನ್ನು ಹೀನವೆಂದು ತಿರಸ್ಕರಿಸದೆ ಅದನ್ನು ಶಿವನ ನೆಲೆಯೆಂದು ಗೌರವಿಸಿತು. ಆದುದರಿಂದ ದೇಹವನ್ನು ದೃಢವಾಗಿ ಇರಿಸುವ ವ್ಯಾಯಾಮವೂ ವಿದ್ಯಾಭ್ಯಾಸದ ಒಂದು ಅಂಗವೇ ಆಗಿದೆ. ಇತ್ತೀಚಿನ ವರ್ಷಗಳಲ್ಲಿ ವ್ಯಾಯಾಮನಿರತರ ಮಣಿಕಟ್ಟಿನಲ್ಲಿಯೂ ಎದೆಯ ಮೇಲೆಯೂ ಹೃದಯದ ಬಡಿತವನ್ನು ಎಣಿಸುವ ಸಣ್ಣ ಉಪಕರಣಗಳು ಕಾಣಿಸಿಕೊಂಡಿವೆ. ಅವುಗಳ ಬಗೆಗಳು ಅನೇಕ. ಬೆಲೆಯಲ್ಲಿ ಅಂತರವೂ ಬಹಳ. ಯಾವುದನ್ನು ಕೊಳ್ಳಬೇಕು, ಅದು ತೋರಿಸುವ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ತಿಳಿದಿರುವುದು ಅವಶ್ಯಕ. ತಪ್ಪು ಅಂಕಿಯನ್ನು ನಂಬಿ ಓಡುವವನು ಹಣವನ್ನಷ್ಟೇ ಅಲ್ಲ, ಕೆಲವೊಮ್ಮೆ ಆರೋಗ್ಯವನ್ನೂ ಕಳೆದುಕೊಳ್ಳಬೇಕಾದೀತು.

ನಾಡಿಯಿಂದ ಯಂತ್ರದವರೆಗೆ

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ನಿಮಿಷಕ್ಕೆ 72ರಂತೆ ಲೆಕ್ಕ ಹಾಕಿದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಅದು 1,03,680 ಬಾರಿ ಬಡಿದಂತಾಯಿತು. ದೀರ್ಘಕಾಲ ಪಳಗಿದ ಓಟಗಾರರಲ್ಲಿ ವಿಶ್ರಾಂತಿಯ ಬಡಿತವು 60ಕ್ಕಿಂತಲೂ ಕೆಳಗಿರುವುದುಂಟು. ಅವರ ಹೃದಯವು ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲದಾದ್ದರಿಂದ ಕಡಿಮೆ ಬಡಿತಗಳೇ ಅದಕ್ಕೆ ಸಾಕಾಗುತ್ತವೆ.

ರಕ್ತವು ದೇಹದಲ್ಲಿ ಪರಿಚಲಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಅದೇ ದೇಶದ ವೈದ್ಯ ಜಾನ್ ಫ್ಲಾಯರ್ ನಾಡಿಯನ್ನು ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಮಾಡಿಸಿ, 1707ರಲ್ಲಿ ಅದರ ಕುರಿತು ಪುಸ್ತಕ ಬರೆದನು. ಹೃದಯದ ಸೂಕ್ಷ್ಮ ವಿದ್ಯುತ್ತನ್ನು ಅಳೆಯುವ ಉಪಕರಣವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಹಾಲೆಂಡಿನ ವಿಲೆಮ್ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಫಿನ್‌ಲೆಂಡಿನಲ್ಲಿ 1977ರಲ್ಲಿ ಸ್ಥಾಪಿತವಾದ ಪೋಲಾರ್ ಸಂಸ್ಥೆಯು 1980ರ ದಶಕದ ಆರಂಭದಲ್ಲಿ ತಂತಿಯಿಲ್ಲದ ಎದೆಪಟ್ಟಿಯನ್ನು ಕ್ರೀಡಾಪಟುಗಳಿಗೆ ಒದಗಿಸಿತು. ಹೀಗೆ ವೈದ್ಯಶಾಲೆಯ ವಿದ್ಯೆಯು ಆಟದ ಮೈದಾನಕ್ಕೆ ಇಳಿದು ಬಂದಿತು.

ಎರಡು ಬಗೆಯ ಮಾಪಕಗಳು

ಮೊದಲನೆಯದು ಎದೆಪಟ್ಟಿ. ಹೃದಯದ ಪ್ರತಿ ಬಡಿತದೊಂದಿಗೆ ಹುಟ್ಟುವ ವಿದ್ಯುತ್ ಸಂಕೇತವನ್ನು ಪಟ್ಟಿಯ ಒಳಮೈಯಲ್ಲಿರುವ ಎಲೆಕ್ಟ್ರೋಡುಗಳು ಚರ್ಮದ ಮೂಲಕ ಗ್ರಹಿಸುತ್ತವೆ. ಅಲ್ಲಿಂದ ಲೆಕ್ಕವು ರೇಡಿಯೋ ತರಂಗಗಳ ಮೂಲಕ ಕೈಗಡಿಯಾರಕ್ಕೋ ಮೊಬೈಲ್ ಫೋನಿಗೋ ತಲುಪುತ್ತದೆ. ಒಣಗಿದ ಪಟ್ಟಿಯು ಆರಂಭದಲ್ಲಿ ತಪ್ಪು ತೋರಿಸುವುದರಿಂದ ಕಟ್ಟಿಕೊಳ್ಳುವ ಮುನ್ನ ಅದರ ಒಳಮೈಯನ್ನು ನೀರಿನಿಂದ ಒದ್ದೆ ಮಾಡಬೇಕು. ಎದೆಯ ಮೇಲೆ ಇಷ್ಟಲಿಂಗ ಧರಿಸಿರುವವರು ಕರಡಿಗೆಯು ಪಟ್ಟಿಗೆ ತಾಗದಂತೆ ಸರಿಪಡಿಸಿಕೊಳ್ಳುವುದು ಯುಕ್ತ.

ಎರಡನೆಯದು ಬೆಳಕಿನ ಮಾಪಕ. ಮಣಿಕಟ್ಟಿನ ಅಥವಾ ತೋಳಿನ ಪಟ್ಟಿಯು ಚರ್ಮದೊಳಕ್ಕೆ ಸಾಮಾನ್ಯವಾಗಿ ಹಸಿರು ಬೆಳಕನ್ನು ಹಾಯಿಸುತ್ತದೆ. ರಕ್ತವು ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬಡಿತದೊಂದಿಗೆ ನಾಳಗಳಲ್ಲಿ ರಕ್ತ ತುಂಬಿದಾಗ ಹಿಂದಿರುಗಿ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಯಂತ್ರವು ಎಣಿಸುತ್ತದೆ. ಇದನ್ನು ಧರಿಸುವುದು ಸುಲಭವಾದರೂ ದೋಷಕ್ಕೆ ಎಡೆ ಹೆಚ್ಚು. ಪಟ್ಟಿ ಸಡಿಲವಾಗಿದ್ದರೆ, ಚಳಿಯಿಂದ ನಾಳಗಳು ಸಂಕುಚಿತವಾಗಿದ್ದರೆ, ಅಥವಾ ಆ ಜಾಗದಲ್ಲಿ ಹಚ್ಚೆಯಿದ್ದರೆ ಲೆಕ್ಕ ತಪ್ಪಬಹುದು. ಓಡುವಾಗ ಹೆಜ್ಜೆಗಳ ಕುಲುಕಾಟವನ್ನೇ ಬಡಿತವೆಂದು ಯಂತ್ರವು ಎಣಿಸಿಬಿಡುವುದೂ ಉಂಟು.

ವ್ಯಾಯಾಮಕ್ಕೆ ತಕ್ಕ ಆಯ್ಕೆ

1. ನಡಿಗೆ, ನಿಧಾನವಾದ ಓಟ: ಬಡಿತ ಒಂದೇ ಸಮನಾಗಿರುವುದರಿಂದ ಮಣಿಕಟ್ಟಿನ ಮಾಪಕವು ಸಾಕು.

2. ವೇಗದ ಓಟ, ನಡುನಡುವೆ ವಿರಾಮವಿರುವ ತೀವ್ರ ತಾಲೀಮು: ಬಡಿತವು ಕ್ಷಣಾರ್ಧದಲ್ಲಿ ಏರಿ ಇಳಿಯುತ್ತದೆ. ಬೆಳಕಿನ ಮಾಪಕವು ಇದನ್ನು ತಡವಾಗಿ ಹಿಡಿಯಬಹುದಾದ್ದರಿಂದ ಎದೆಪಟ್ಟಿಯೇ ಮೇಲು.

3. ಗರಡಿಯ ದಂಡ, ಭಾರ ಎತ್ತುವುದು, ಸೂರ್ಯನಮಸ್ಕಾರ: ಮಣಿಕಟ್ಟು ಬಾಗಿ ಸ್ನಾಯುಗಳು ಬಿಗಿಯುತ್ತವೆ. ಇಲ್ಲಿ ಎದೆಪಟ್ಟಿ ಅಥವಾ ತೋಳುಪಟ್ಟಿ ಉತ್ತಮ.

4. ಕಬಡ್ಡಿ, ಕುಸ್ತಿ: ಎದುರಾಳಿಗೂ ತನಗೂ ಗಾಯವಾಗಬಹುದಾದ್ದರಿಂದ ಆಟದಲ್ಲಿ ಯಾವುದನ್ನೂ ಧರಿಸದೆ, ವಿರಾಮದಲ್ಲಿ ನಾಡಿ ಎಣಿಸುವುದೇ ಕ್ಷೇಮ.

5. ಈಜು: ಬ್ಲೂಟೂತ್ ತರಂಗಗಳು ನೀರಿನಲ್ಲಿ ದೂರ ಸಾಗುವುದಿಲ್ಲ. ಆದಕಾರಣ ಲೆಕ್ಕವನ್ನು ತನ್ನಲ್ಲಿಯೇ ಸಂಗ್ರಹಿಸಿಡುವ, ಈಜಿಗೆಂದೇ ಮಾಡಿದ ಮಾಪಕವನ್ನು ಆರಿಸಬೇಕು.

ಇವಲ್ಲದೆ ಬ್ಯಾಟರಿಯನ್ನು ನಾವೇ ಬದಲಿಸಬಹುದೆ, ಪಟ್ಟಿಯನ್ನು ಬಿಚ್ಚಿ ತೊಳೆಯಬಹುದೆ, ಮನೆಯಲ್ಲಿರುವ ಫೋನಿಗೆ ಅದು ಹೊಂದುವುದೆ, ತಿಂಗಳು ತಿಂಗಳು ಚಂದಾ ಕೊಡದೆ ಅಂಕಿಯನ್ನು ನೋಡಬಹುದೆ ಎಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಬೇಕು. ನಿದ್ರೆ, ಹೆಜ್ಜೆ, ಸಂದೇಶ ಮೊದಲಾದ ಹತ್ತು ಅನುಕೂಲಗಳಿಗಾಗಿ ತೆರುವ ಬೆಲೆಯು ಬಡಿತದ ಲೆಕ್ಕವನ್ನು ಹೆಚ್ಚು ನಿಖರವಾಗಿಸುವುದಿಲ್ಲ.

ಕೊಳ್ಳುವ ಮುನ್ನ ಪರೀಕ್ಷೆ

ಮಾಪಕವನ್ನು ಪರೀಕ್ಷಿಸುವ ಸಾಧನವು ನಮ್ಮ ಬೆರಳುಗಳಲ್ಲಿಯೇ ಇದೆ. ಐದು ನಿಮಿಷ ಶಾಂತವಾಗಿ ಕುಳಿತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳನ್ನು ಮೃದುವಾಗಿ ಇರಿಸಬೇಕು. ಹೆಬ್ಬೆರಳಿನಿಂದ ಎಣಿಸಬಾರದು, ಅದರದೇ ನಾಡಿ ಮಿಡಿದು ಗೊಂದಲವಾಗಬಹುದು. ಪೂರ್ಣ ಒಂದು ನಿಮಿಷ ಎಣಿಸಿ ಮಾಪಕದ ಅಂಕಿಯೊಡನೆ ಹೋಲಿಸಬೇಕು. ಆಮೇಲೆ ಮೆಟ್ಟಿಲುಗಳನ್ನು ಚುರುಕಾಗಿ ಹತ್ತಿಳಿದು, ನಿಂತ ಕೂಡಲೇ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಹೀಗೆ ಎಣಿಸುವಾಗ ಒಂದು ಬಡಿತ ತಪ್ಪಿದರೂ ಉತ್ತರದಲ್ಲಿ ನಾಲ್ಕರ ವ್ಯತ್ಯಾಸ ಬರುವುದರಿಂದ ಅಲ್ಪ ಅಂತರವನ್ನು ದೋಷವೆಂದು ಭಾವಿಸಬಾರದು. ಆದರೆ ಮತ್ತೆ ಮತ್ತೆ ಇಪ್ಪತ್ತು ಮೂವತ್ತರ ಅಂತರ ಕಂಡುಬಂದರೆ ಅಂಥ ಮಾಪಕವನ್ನು ಕೊಳ್ಳದಿರುವುದೇ ಲೇಸು.

ಅಂಕಿಯ ಅರ್ಥ

220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ದೊರೆಯುತ್ತದೆ ಎಂಬ ಸೂತ್ರವು 1970ರ ದಶಕದಿಂದ ಪ್ರಚಾರದಲ್ಲಿದೆ. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವ ಇನ್ನೊಂದು ಸೂತ್ರವು 2001ರಲ್ಲಿ ಪ್ರಕಟವಾಯಿತು. ನಲವತ್ತು ವಯಸ್ಸಿನವರಿಗೆ ಎರಡೂ 180 ಎನ್ನುತ್ತವೆ. ಅರವತ್ತರವರಿಗೆ ಮೊದಲನೆಯದು 160 ಎಂದರೆ ಎರಡನೆಯದು 166 ಎನ್ನುತ್ತದೆ. ಎರಡೂ ಸರಾಸರಿಗಳು ಮಾತ್ರ. ಒಬ್ಬ ವ್ಯಕ್ತಿಯ ನಿಜವಾದ ಗರಿಷ್ಠವು ಇದಕ್ಕಿಂತ ಹತ್ತು ಹನ್ನೆರಡು ಬಡಿತಗಳಷ್ಟು ಹೆಚ್ಚು ಅಥವಾ ಕಡಿಮೆಯಾಗಿರುವುದು ವಿರಳವಲ್ಲ.

ವಿಶ್ರಾಂತಿಯ ಬಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮವು ಇದಕ್ಕಿಂತ ಮೇಲು. ಫಿನ್‌ಲೆಂಡಿನ ಕಾರ್ವೊನೆನ್ ಅವರ ಹೆಸರಿನಿಂದ ಅದು ಪ್ರಸಿದ್ಧ. ಗರಿಷ್ಠ 180, ವಿಶ್ರಾಂತಿಯಲ್ಲಿ 70 ಇರುವವರಿಗೆ ನಡುವಣ ಅಂತರ 110. ಅದರ ಶೇಕಡ 40ರಿಂದ 60 ಭಾಗವನ್ನು, ಅಂದರೆ 44ರಿಂದ 66ನ್ನು, 70ಕ್ಕೆ ಕೂಡಿಸಿದರೆ 114ರಿಂದ 136 ಬರುತ್ತದೆ. ಸಾಧಾರಣ ಶ್ರಮದ ವ್ಯಾಯಾಮಕ್ಕೆ ಇದು ಸುಮಾರಾದ ಮಿತಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯನ್ನೂ, 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಸಾಧಾರಣದಿಂದ ತೀವ್ರ ಶ್ರಮದ ಚಟುವಟಿಕೆಯನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಯಾವ ಯಂತ್ರವೂ ಇಲ್ಲದವರು ಉಸಿರನ್ನೇ ಅಳತೆಗೋಲಾಗಿ ಬಳಸಬಹುದು. ನಡೆಯುತ್ತ ಮಾತನಾಡಲು ಸಾಧ್ಯ, ಆದರೆ ವಚನವನ್ನು ಹಾಡಲು ಸಾಧ್ಯವಿಲ್ಲ ಎಂಬ ಸ್ಥಿತಿಯೇ ಸಾಧಾರಣ ಶ್ರಮ.

ಎಚ್ಚರಿಕೆಯ ಮಾತು

ಜ್ವರ, ಚಿಂತೆ, ನೀರಿನ ಕೊರತೆ ಇವೆಲ್ಲವೂ ಬಡಿತವನ್ನು ಏರಿಸುತ್ತವೆ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಓಡುವವರಿಗೆ ಅದೇ ವೇಗದಲ್ಲಿಯೂ ಚಳಿಗಾಲಕ್ಕಿಂತ ಹೆಚ್ಚಿನ ಅಂಕಿ ಕಾಣಿಸುವುದು ಸಹಜ. ಅಂದು ವೇಗ ತಗ್ಗಿಸುವುದು ಜಾಣತನ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ವರ್ಗದ ಔಷಧಿಯನ್ನು ಸೇವಿಸುವ ಹಿರಿಯರ ಬಡಿತವು ಶ್ರಮಪಟ್ಟರೂ ಅಷ್ಟಾಗಿ ಮೇಲೇರುವುದಿಲ್ಲ. ಅಂಥವರು ಸೂತ್ರದ ಅಂಕಿಯನ್ನು ಮುಟ್ಟಲೇಬೇಕೆಂದು ಹಟದಿಂದ ಓಡುವುದು ಅಪಾಯಕಾರಿ. ಅವರೂ ಪೇಸ್‌ಮೇಕರ್ ಅಳವಡಿಸಿಕೊಂಡವರೂ ವೈದ್ಯರನ್ನು ಕೇಳಿಯೇ ಮಾಪಕವನ್ನೂ ಮಿತಿಯನ್ನೂ ಆರಿಸಬೇಕು. ಎದೆನೋವು, ತಲೆಸುತ್ತು, ಅಸಹಜವಾದ ಏದುಸಿರು ಕಾಣಿಸಿಕೊಂಡರೆ ಮಾಪಕವು ಎಷ್ಟೇ ಸಮಾಧಾನಕರ ಅಂಕಿಯನ್ನು ತೋರಿಸುತ್ತಿರಲಿ, ವ್ಯಾಯಾಮವನ್ನು ಕೂಡಲೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಬಡಿತವನ್ನು ಎಣಿಸುವ ಯಂತ್ರಕ್ಕೆ ಹೃದಯದ ನೋವು ತಿಳಿಯದು.

ಉಪಸಂಹಾರ

ವಿದ್ಯಾರ್ಥಿ ಮಿತ್ರರೆ, ಪ್ರತಿಯೊಬ್ಬನೂ ಮಾಪಕವನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಶಾಲೆಯ ಕ್ರೀಡಾ ವಿಭಾಗದಲ್ಲಿ ಒಂದೆರಡು ಎದೆಪಟ್ಟಿಗಳಿದ್ದು, ಅವನ್ನು ತೊಳೆದು ಸರದಿಯಂತೆ ಬಳಸಿದರೆ ಓಟಗಾರರ ತಾಲೀಮಿಗೆ ಸಾಕಾದೀತು. ಆದರೆ ನಾಡಿ ಎಣಿಸುವುದನ್ನು ಪ್ರತಿಯೊಬ್ಬರೂ ಕಲಿಯಬೇಕು. ಒಂದು ವಾರ ಬೆಳಗ್ಗೆ ಎದ್ದೊಡನೆ ತಮ್ಮ ನಾಡಿಯನ್ನು ಎಣಿಸಿ ದಿನಚರಿಯಲ್ಲಿ ಬರೆದಿಡಿರಿ. ಮನೆಗೆ ಹೋದಾಗ ತಂದೆತಾಯಿಗಳಿಗೂ ಅಜ್ಜ ಅಜ್ಜಿಯರಿಗೂ ಆ ವಿದ್ಯೆಯನ್ನು ಕಲಿಸಿರಿ. ತನ್ನ ನಾಡಿಯನ್ನು ಬಲ್ಲವನಿಗೆ ಮಾಪಕವು ಒಳ್ಳೆಯ ಸೇವಕನಾಗುತ್ತದೆ. ಅರಿಯದವನಿಗೆ ಅದೇ ಯಜಮಾನನಾಗಿಬಿಡುತ್ತದೆ.