ಹಳೆಯ ಕೇಸು, ಹೊಸ ನೌಕರಿ: ಫಾರ್ಮಿನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನನ್ನ ಅಕ್ಕನ ಮಗ ಐಟಿಐ ಫಿಟ್ಟರ್ ಮುಗಿಸ್ಯಾನ್ರಿ. ನಾಲ್ಕು ವರ್ಷದ ಹಿಂದ ಊರ ಜಾತ್ರ್ಯಾಗ ಜಗಳ ಆಗಿ ಎಂಟು ಮಂದಿ ಮ್ಯಾಲ ಕೇಸ್ ಬಿತ್ತು, ಅದರಾಗ ಇವನ ಹೆಸರೂ ಇತ್ತು. ಆಮ್ಯಾಲ ಊರಾಗ ರಾಜಿ ಆಗಿ, ಕೋರ್ಟಿನಾಗ ಖುಲಾಸೆ ಆಯ್ತು. ಈಗ ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿ ಗುತ್ತಿಗೆದಾರರು ಗೇಟ್ ಪಾಸಿಗೆ ಪೊಲೀಸ್ ವೆರಿಫಿಕೇಷನ್ ಕೇಳ್ಯಾರ. ರೈಲ್ವೆಗೂ ಅರ್ಜಿ ಹಾಕ್ಯಾನ. ‘ಮುಗಿದ ಕೇಸು, ಇಲ್ಲ ಅಂತ ಬರಿ’ ಅಂತಾರ ಎಲ್ಲಾರೂ. ಏನ್ ಬರೀಬೇಕ್ರಿ? ಕೇಸ್ ಇದ್ದವರಿಗೆ ಕೆಲಸ ಕೊಡಬಾರದು ಅಂತ ಕಾನೂನು ಅದ ಏನು?
– ಚಿತ್ತಾಪುರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೇಸಿತ್ತು ಎಂಬ ಒಂದೇ ಕಾರಣಕ್ಕೆ ಯಾರಿಗೂ ಕೆಲಸ ಕೊಡಬಾರದು ಎನ್ನುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಖುಲಾಸೆಯಾದವನಿಗೆ ಕೊಡಲೇಬೇಕು ಎನ್ನುವ ಕಾನೂನೂ ಇಲ್ಲ. ಇವೆರಡರ ನಡುವೆ ಸುಪ್ರೀಂ ಕೋರ್ಟ್ ಒಂದು ದಾರಿ ಹಾಕಿಕೊಟ್ಟಿದೆ. ಅಭ್ಯರ್ಥಿ ಸತ್ಯ ಹೇಳಬೇಕು, ಕೆಲಸ ಕೊಡುವವರು ತೂಗಿ ನೋಡಬೇಕು. ನಿಮ್ಮ ಅಳಿಯ ‘ಇಲ್ಲ’ ಎಂದು ಬರೆದರೆ ತೂಗಿ ನೋಡಿ ಎಂದು ಕೇಳುವ ಬಾಯಿಯನ್ನೇ ಕಳೆದುಕೊಳ್ಳುತ್ತಾನೆ. ಹಾಗಾಗಿ ಊರವರ ಸಲಹೆ ಕೇಳಬೇಡಿ.

ಆ ಫಾರ್ಮನ್ನು ಒಮ್ಮೆ ಹತ್ತಿರದಿಂದ ಓದೋಣ. ಕೇಂದ್ರ ಸರ್ಕಾರದ ನೌಕರಿಗೆ ತುಂಬಿಸುವ ಅಟೆಸ್ಟೇಷನ್ ಫಾರ್ಮ್ ‘ಶಿಕ್ಷೆ ಆಗಿದೆಯೇ’ ಎಂದಷ್ಟೇ ಕೇಳಿ ಬಿಡುವುದಿಲ್ಲ. ಎಂದಾದರೂ ಬಂಧನವಾಗಿತ್ತೇ, ಮೊಕದ್ದಮೆ ನಡೆದಿತ್ತೇ, ಮುಚ್ಚಳಿಕೆ ಬರೆಸಿಕೊಂಡಿದ್ದರೇ, ನ್ಯಾಯಾಲಯ ದಂಡ ಹಾಕಿತ್ತೇ, ಶಿಕ್ಷೆಯಾಗಿತ್ತೇ, ಈಗ ಕೇಸು ಬಾಕಿ ಇದೆಯೇ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಖುಲಾಸೆಯಾದವನು ‘ಶಿಕ್ಷೆ’ಯ ಮುಂದೆ ‘ಇಲ್ಲ’ ಬರೆದರೆ ಅದು ನಿಜ. ‘ಮೊಕದ್ದಮೆ’ಯ ಮುಂದೆಯೂ ‘ಇಲ್ಲ’ ಬರೆದರೆ ಅದು ಸುಳ್ಳು. ಕೇಸು ಮುಗಿದಿದೆ ಎಂದ ಮಾತ್ರಕ್ಕೆ ಕೇಸು ನಡೆದೇ ಇರಲಿಲ್ಲ ಎಂದಾಗುವುದಿಲ್ಲ. ಎಫ್‌ಐಆರ್‌ನ ಮಾಹಿತಿ ಖುಲಾಸೆಯ ನಂತರವೂ ಠಾಣೆಯ ದಾಖಲೆಯಲ್ಲಿ ಉಳಿಯುತ್ತದೆ, ಪರಿಶೀಲನೆಯಲ್ಲಿ ಹೊರಗೆ ಬರುತ್ತದೆ.

ನಮ್ಮ ಕಡೆ ಕೇಸಿನ ಮಾತು ಬಂದಾಗ ಮೂರು ತಪ್ಪು ತಿಳಿವಳಿಕೆಗಳು ಬೇರೂರಿವೆ. ಹುಡುಗರ ಬದುಕಿಗೆ ಅವು ಕೊಡಲಿ ಏಟು ಹಾಕುವುದರಿಂದ ಬಿಡಿಸಿ ಹೇಳಬೇಕು.

ಒಂದು, ‘ದಂಡ ಕಟ್ಟಿ ಬಂದೀನಿ, ಕೇಸ್ ಮುಗೀತು’ ಎನ್ನುವುದು. ಹಬ್ಬದ ದಿನ ಗಿಡದ ಕೆಳಗೆ ಇಸ್ಪೀಟು ಆಡುತ್ತ ನಾಲ್ಕಾರು ಹುಡುಗರು ಸಿಕ್ಕಿಬೀಳುತ್ತಾರೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನಡಿ ಕೇಸಾಗುತ್ತದೆ. ಮಟಕಾ ಆಗಿದ್ದರೆ 78ನೇ ಕಲಮು. ಕೋರ್ಟಿನಲ್ಲಿ ಹೆಸರು ಕೂಗಿದಾಗ ಹುಡುಗ ಕೈಕಟ್ಟಿ ನಿಲ್ಲುತ್ತಾನೆ. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳುತ್ತಾರೆ. ತಾರೀಖಿಗೊಮ್ಮೆ ಕೂಲಿ ಬಿಟ್ಟು ಬರಲು ಆಗದೆ ಅವನು ‘ಹೌದ್ರಿ ಸಾಹೇಬ್ರ’ ಎನ್ನುತ್ತಾನೆ. ಕೆಲವು ನೂರು ರೂಪಾಯಿ ಕಟ್ಟಿ ರಸೀದಿ ಜೇಬಿಗಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ಊರು ಸೇರುತ್ತಾನೆ. ಆ ಒಂದು ‘ಹೌದು’ ಕಾನೂನಿನ ಲೆಕ್ಕದಲ್ಲಿ ಅಪರಾಧ ಸಾಬೀತಾದ ತೀರ್ಪು ಎಂದು ಅವನಿಗೆ ಹೇಳಿದವರಿಲ್ಲ. ತಪ್ಪೊಪ್ಪಿಗೆ ಕೊಡುವ ಮೊದಲು ವಕೀಲರನ್ನು ಕೇಳಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಉಳಿದ ಬಡವರಿಗೆ ಆದಾಯದ ಮಿತಿಯೊಳಗೆ ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಎರಡು, ‘ಊರಾಗ ರಾಜಿ ಆಯ್ತು’ ಎನ್ನುವುದು. ಕಟ್ಟೆಯ ಮೇಲೆ ಕುಳಿತು ಮಾಡಿದ ರಾಜಿಯಿಂದ ಕೋರ್ಟಿನ ಕೇಸು ತಾನಾಗಿ ಮುಗಿಯುವುದಿಲ್ಲ. ಸಣ್ಣ ಹೊಡೆದಾಟ, ಬೈಗುಳದಂಥ ಅಪರಾಧಗಳನ್ನು ಕಾನೂನೇ ರಾಜಿಗೆ ಬಿಟ್ಟಿದೆ. ನ್ಯಾಯಾಲಯದಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ಅದು ದಾಖಲಾದರೆ ಖುಲಾಸೆಗೆ ಸಮ. ಆಯುಧ ಹಿಡಿದ ಜಗಳ, ಅಕ್ರಮ ಕೂಟದ ಕಲಮು ಸೇರಿದ್ದರೆ ಹಾಗೆ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಅಲ್ಲಿ ನಡೆಯುವುದೇ ಬೇರೆ. ಸಾಕ್ಷಿ ಹೇಳಬೇಕಾದವರು ‘ನಮಗೇನೂ ಗೊತ್ತಿಲ್ಲ’ ಎನ್ನುತ್ತಾರೆ, ಸಾಕ್ಷ್ಯವಿಲ್ಲದೆ ಕೇಸು ಬೀಳುತ್ತದೆ, ತೀರ್ಪಿನಲ್ಲಿ ‘ಸಂಶಯದ ಲಾಭ’ ಎಂಬ ಮಾತು ಬರುತ್ತದೆ. ನೌಕರಿ ಕೊಡುವವರು ಈ ಎರಡು ಖುಲಾಸೆಗಳನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ನಿಮ್ಮ ಅಳಿಯನದು ಯಾವುದು ಎಂದು ತೀರ್ಪು ಓದಿಯೇ ತಿಳಿಯಬೇಕು.

ಮೂರು, ‘107 ಕೇಸ್’. ಜಾತ್ರೆ, ಚುನಾವಣೆ ಬಂದಾಗ ಶಾಂತಿ ಕಾಪಾಡುತ್ತೇನೆ ಎಂದು ಬರೆಸಿಕೊಳ್ಳುವ ಮುಚ್ಚಳಿಕೆ ಅದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 107ನೇ ಕಲಮಾಗಿತ್ತು, ಅದರ ಜಾಗಕ್ಕೆ ಹೊಸ ಸಂಹಿತೆ ಬಂದ 2024ರ ಜುಲೈ 1ರಿಂದ 126ನೇ ಕಲಮು. ಅದು ಅಪರಾಧದ ತೀರ್ಪಲ್ಲ. ಆದರೆ ಫಾರ್ಮು ಮುಚ್ಚಳಿಕೆಯ ಬಗ್ಗೆ ಕೇಳಿದ್ದರೆ ಅದನ್ನೂ ಬರೆಯಬೇಕು.

ಈಗ ತೂಗಿ ನೋಡುವ ವಿಷಯ. ಸರ್ಕಾರಿ ನೌಕರಿಯ ಮಟ್ಟಿಗೆ ಇಂದು ಎಲ್ಲರೂ ಹಿಡಿಯುವ ತೀರ್ಪು ಅವತಾರ್ ಸಿಂಗ್ ಪ್ರಕರಣದ್ದು. 2016ರ ಜುಲೈ 21ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದು. ಅದರ ಸಾರ ಇಷ್ಟು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಿರಬೇಕು. ಫಾರ್ಮಿನ ಪ್ರಶ್ನೆ ಸ್ಪಷ್ಟವಾಗಿರಬೇಕು. ಕೇಳದೇ ಇದ್ದುದನ್ನು ಹೇಳಲಿಲ್ಲವೆಂದು ದೂರುವಂತಿಲ್ಲ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸು ಮುಚ್ಚಿಟ್ಟಿದ್ದರೂ ಅಧಿಕಾರಿ ಅದನ್ನು ಮನ್ನಿಸಬಹುದು. ಕ್ಷುಲ್ಲಕವಲ್ಲದ ಅಪರಾಧದಲ್ಲಿ ಶಿಕ್ಷೆಯಾದುದನ್ನು ಮುಚ್ಚಿಟ್ಟಿದ್ದರೆ ನೇಮಕ ರದ್ದು ಮಾಡಬಹುದು. ಮುಗಿದ ಕೇಸನ್ನು ಪ್ರಾಮಾಣಿಕವಾಗಿ ಹೇಳಿದರೂ ನಡತೆ ಪರಿಶೀಲಿಸುವ ಹಕ್ಕು ಅಧಿಕಾರಿಗೆ ಉಳಿಯುತ್ತದೆ.

ಇದಕ್ಕೂ ಮೊದಲು, 2011ರಲ್ಲಿ, ಸಂದೀಪ್ ಕುಮಾರ್ ಎಂಬ ದೆಹಲಿ ಪೊಲೀಸ್ ಅಭ್ಯರ್ಥಿಯ ಪ್ರಕರಣ ಬಂದಿತ್ತು. ಜಗಳದ ಕೇಸಾದಾಗ ಅವರಿಗೆ ಸುಮಾರು ಇಪ್ಪತ್ತು ವರ್ಷ. ಆ ವಯಸ್ಸಿನ ತಪ್ಪಿಗೆ ಜನ್ಮಪೂರ್ತಿ ಹಣೆಪಟ್ಟಿ ಹಚ್ಚಬಾರದು ಎಂದ ನ್ಯಾಯಾಲಯ, ವಿಕ್ಟರ್ ಹ್ಯೂಗೋನ ಕಾದಂಬರಿಯ ಜೀನ್ ವಾಲ್ಜೀನ್‌ನನ್ನು ನೆನೆಯಿತು. ಹಸಿದ ಅಕ್ಕನ ಮಕ್ಕಳಿಗಾಗಿ ಒಂದು ರೊಟ್ಟಿ ಕದ್ದು, ಬಾಳೆಲ್ಲ ಕಳ್ಳನೆನಿಸಿಕೊಂಡವನು ಅವನು. 2022ರಲ್ಲಿ ಪವನ್ ಕುಮಾರ್ ಎಂಬ ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಮತ್ತೆ ಕೆಲಸಕ್ಕೆ ಸೇರುವಂತಾಯಿತು. ಮುಚ್ಚಿಟ್ಟ ಮಾತ್ರಕ್ಕೆ ಯಂತ್ರದಂತೆ ವಜಾ ಮಾಡಬಾರದು ಎಂಬುದು ಆ ತೀರ್ಪು. 2024ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ರವೀಂದ್ರ ಕುಮಾರ್ ಅವರ ಕಾನ್‌ಸ್ಟೆಬಲ್ ಹುದ್ದೆಯ ವಿಷಯದಲ್ಲೂ ನ್ಯಾಯಾಲಯ ಅದನ್ನೇ ಹೇಳಿತು. ಆದರೆ ಅವರ ಆಯ್ಕೆ ರದ್ದಾದದ್ದು 2005ರಲ್ಲಿ! ಗೆದ್ದರು ನಿಜ, ನಡುವೆ ಹತ್ತೊಂಬತ್ತು ವರ್ಷ ಹೋಯಿತು. ‘ಇಲ್ಲ’ ಎಂದು ಬರಿ ಎನ್ನುವವರು ಈ ಹತ್ತೊಂಬತ್ತು ವರ್ಷಗಳನ್ನು ಲೆಕ್ಕ ಹಾಕಲಿ.

ಸೋತವರ ಕಥೆಯೂ ನಿಮಗೆ ಗೊತ್ತಿರಬೇಕು. ರಾಜಸ್ಥಾನದ ವಿದ್ಯುತ್ ಪ್ರಸರಣ ನಿಗಮದಲ್ಲಿ ಒಬ್ಬರು ತಾಂತ್ರಿಕ ಸಹಾಯಕರಾಗಿ ಸೇರಿದ್ದರು. ನಮ್ಮ ಹುಡುಗರು ಜೆಸ್ಕಾಂನಲ್ಲಿ ಆಸೆಪಡುವಂಥದೇ ಕೆಲಸ. ಶಿಕ್ಷೆಯಾಗಿದ್ದನ್ನು ಅವರು ಫಾರ್ಮಿನಲ್ಲಿ ಮುಚ್ಚಿಟ್ಟರು. ಆಮೇಲೆ ಅವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಮಿನ ಲಾಭ ಸಿಕ್ಕಿತು. ಒಳ್ಳೆಯ ನಡತೆಯ ಭರವಸೆಯ ಮೇಲೆ ಬಿಡುಗಡೆಯಾದವನಿಗೆ ಆ ಶಿಕ್ಷೆಯಿಂದ ಅನರ್ಹತೆ ತಟ್ಟಬಾರದು ಎನ್ನುವ ಕಲಮು ಅದು. ಆದರೂ 2021ರಲ್ಲಿ ಸುಪ್ರೀಂ ಕೋರ್ಟ್ ಅವರ ವಜಾ ಸರಿ ಎಂದಿತು. ಸುಳ್ಳು ಹೇಳಿ ಒಳಗೆ ಬಂದವನನ್ನು ಮುಂದೆ ನಂಬುವುದು ಹೇಗೆ ಎಂಬುದೇ ಅಲ್ಲಿ ಮುಖ್ಯವಾಯಿತು. ಪೊಲೀಸ್ ಇಲಾಖೆಯದು ಇನ್ನೂ ಎತ್ತರದ ಹೊಸ್ತಿಲು. ರಾಜಿಯಿಂದ ಕೇಸು ಮುಗಿದಿದೆ ಎಂದು ಸತ್ಯ ಹೇಳಿದ ಅಭ್ಯರ್ಥಿಯನ್ನು ಇಲಾಖೆ ಕೈಬಿಟ್ಟದ್ದನ್ನೂ ನ್ಯಾಯಾಲಯ ಒಪ್ಪಿದ ಉದಾಹರಣೆ ಇದೆ.

ಘಟನೆ ನಡೆದಾಗ ಹುಡುಗನಿಗೆ ಹದಿನೆಂಟು ತುಂಬಿರಲಿಲ್ಲ ಎಂದಾದರೆ ಮಾತೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಅಂಥ ಮಗುವಿಗೆ ಯಾವ ಅನರ್ಹತೆಯೂ ತಟ್ಟದಂತೆ ಕಾಪಾಡುತ್ತದೆ, ದಾಖಲೆಯನ್ನೇ ನಾಶಪಡಿಸಲು ಹೇಳುತ್ತದೆ. ಹದಿನಾರು ದಾಟಿದವರು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾದ ಪ್ರಕರಣಗಳಷ್ಟೇ ಇದಕ್ಕೆ ಹೊರತು.

ಇನ್ನು ಕಾರ್ಖಾನೆ. ಸೇಡಂ, ಮಳಖೇಡ, ವಾಡಿ, ಚಿಂಚೋಳಿ ಕಡೆಯ ಖಾಸಗಿ ಸಿಮೆಂಟ್ ಕಂಪನಿಗಳಿಗಾಗಲಿ, ಅವುಗಳ ಗುತ್ತಿಗೆದಾರರಿಗಾಗಲಿ ಅವತಾರ್ ಸಿಂಗ್ ತೀರ್ಪು ಸರ್ಕಾರಕ್ಕೆ ಅನ್ವಯಿಸಿದಂತೆ ನೇರವಾಗಿ ಅನ್ವಯಿಸುವುದಿಲ್ಲ. ರೈಲ್ವೆ ಕಾರಣವಿಲ್ಲದೆ ತಿರಸ್ಕರಿಸಿದರೆ ಸಂವಿಧಾನದ ಸಮಾನತೆಯ ಹಕ್ಕು ಹಿಡಿದು ಪ್ರಶ್ನಿಸಲು ಬರುತ್ತದೆ. ಖಾಸಗಿ ಗುತ್ತಿಗೆದಾರ ಬೇಡ ಎಂದರೆ ಹಾಗೆ ಪ್ರಶ್ನಿಸುವುದು ಕಷ್ಟ. ಕಾನೂನೇ ಬಾಗಿಲು ಹಾಕಿದ ಕೆಲಸವೂ ಒಂದಿದೆ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ, ನ್ಯಾಯಾಲಯದಲ್ಲಿ ಶಿಕ್ಷೆಯಾದವರನ್ನು ಸೆಕ್ಯುರಿಟಿ ಗಾರ್ಡ್ ಆಗಿ ನೇಮಿಸುವಂತಿಲ್ಲ. ಖುಲಾಸೆಯಾದ ಫಿಟ್ಟರನಿಗೆ ಅಂಥ ತಡೆ ಇಲ್ಲ.

ಹೊರದೇಶಗಳು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದಿವೆ. ಬ್ರಿಟನ್ನಿನಲ್ಲಿ 1974ರ ಕಾಯ್ದೆಯ ಪ್ರಕಾರ, ನಿಗದಿತ ಅವಧಿ ಕಳೆದ ಮೇಲೆ ಬಹುಪಾಲು ಕೆಲಸಗಳಿಗೆ ಸಣ್ಣ ಶಿಕ್ಷೆಯನ್ನು ಹೇಳಬೇಕಾಗಿಯೇ ಇಲ್ಲ. ಅಮೆರಿಕದ ಹವಾಯಿ ರಾಜ್ಯ 1998ರಲ್ಲಿ ಹೊಸ ಕ್ರಮ ತಂದಿತು. ಮೊದಲು ಅರ್ಹತೆ ನೋಡಿ, ಕೆಲಸ ಕೊಡುತ್ತೇವೆ ಎಂದು ಹೇಳಿ, ಆಮೇಲೆ ಹಳೆಯ ಶಿಕ್ಷೆಯ ಬಗ್ಗೆ ಕೇಳಿ ಎನ್ನುವ ಕ್ರಮ ಅದು. ಅಲ್ಲಿನ ಕೇಂದ್ರ ಸರ್ಕಾರದ ನೌಕರಿಗಳಿಗೂ 2019ರಲ್ಲಿ ಅಂಥ ಕಾನೂನಾಯಿತು. ಅಲ್ಲಿ ತೂಗುವಾಗ ಮೂರು ಪ್ರಶ್ನೆ ಕೇಳುತ್ತಾರೆ: ಅಪರಾಧ ಎಂಥದು, ಎಷ್ಟು ಕಾಲವಾಯಿತು, ಈ ಕೆಲಸಕ್ಕೂ ಅದಕ್ಕೂ ಏನು ಸಂಬಂಧ. ಕುಡಿದು ಗಾಡಿ ಓಡಿಸಿದ ಕೇಸು ಸುಣ್ಣದ ಕಲ್ಲಿನ ಗಣಿಯ ಡಂಪರ್ ಚಾಲಕನಿಗೆ ಸಂಬಂಧಪಟ್ಟದ್ದೇ. ಕಳ್ಳತನದ ಶಿಕ್ಷೆ ಸ್ಟೋರ್ ಕೀಪರ್ ಹುದ್ದೆಗೆ ಸಂಬಂಧಪಟ್ಟದ್ದೇ. ಹತ್ತೊಂಬತ್ತರ ಹುಡುಗ ಜಾತ್ರೆಯಲ್ಲಿ ಕೈ ಎತ್ತಿದ ಕೇಸಿಗೂ ಕನ್ವೇಯರ್ ಬೆಲ್ಟಿನ ರೋಲರ್ ಬದಲಿಸುವ ಕೆಲಸಕ್ಕೂ ಏನು ನಂಟು?

ನಮ್ಮ ಭಾಗದ ಕಂಪನಿಗಳು ಕಾನೂನು ಬರುವ ತನಕ ಕಾಯದೆ ಈ ಮೂರು ಪ್ರಶ್ನೆಗಳನ್ನು ತಾವಾಗಿಯೇ ಕೇಳಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಅವರ ಸಿಮೆಂಟು ಹುಟ್ಟುವುದು ಈ ಊರುಗಳ ಹೊಲದಡಿಯ ಸುಣ್ಣದ ಕಲ್ಲಿನಿಂದ. ಅದೇ ಊರಿನ ಹುಡುಗನಿಗೆ ಒಂದು ಮಾತು ಹೇಳಲು ಅವಕಾಶ ಕೊಡದೆ ಗೇಟಿನಿಂದ ಹೊರಗೆ ಕಳಿಸಬಾರದು. ಪಿಎಫ್, ವಿಮೆ ಇರುವ ಕೆಲಸ ತಪ್ಪಿದರೆ ಅವನು ಶಹಾಬಾದಿನ ಕಲ್ಲು ಗಣಿಯ ದಿನಗೂಲಿಗೋ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೋ ಹೋಗುತ್ತಾನೆ. ಕಲಿತ ಐಟಿಐ ಮೂಲೆ ಸೇರುತ್ತದೆ.

ಈಗ ನೀವು ಮಾಡಬೇಕಾದ್ದು. ಮೊದಲು ಕೇಸು ನಡೆದ ನ್ಯಾಯಾಲಯದಲ್ಲಿ ಅರ್ಜಿ ಕೊಟ್ಟು ತೀರ್ಪಿನ ದೃಢೀಕೃತ ನಕಲು ತೆಗೆಸಿ. (ಠಾಣೆಯವರು ‘ಬಿ ರಿಪೋರ್ಟ್’ ಹಾಕಿ ಮುಗಿಸಿದ ಕೇಸಾಗಿದ್ದರೆ, ಅದನ್ನು ಕೋರ್ಟ್ ಒಪ್ಪಿದ ಆದೇಶದ ನಕಲು ಬೇಕು.) ಫಾರ್ಮಿನ ಪ್ರತಿ ಪ್ರಶ್ನೆಯನ್ನೂ ಬೇರೆಯಾಗಿ ಓದಿ, ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ಮೊಕದ್ದಮೆಯ ಪ್ರಶ್ನೆಯ ಮುಂದೆ ಹೀಗೆ ಬರೆದರೆ ಸಾಕು: ‘ಹೌದು. ಇಂಥ ಠಾಣೆಯ ಇಂಥ ಅಪರಾಧ ಸಂಖ್ಯೆ. ಇಂಥ ನ್ಯಾಯಾಲಯದಲ್ಲಿ ಇಂಥ ದಿನಾಂಕದಂದು ಖುಲಾಸೆಯಾಗಿದೆ. ತೀರ್ಪಿನ ನಕಲು ಲಗತ್ತಿಸಿದೆ.’ ಕ್ಷಮೆ ಕೇಳುವ ಅಗತ್ಯವಿಲ್ಲ, ಜಗಳದ ಕಥೆ ಬರೆಯುವ ಅಗತ್ಯವೂ ಇಲ್ಲ. ತುಂಬಿದ ಫಾರ್ಮಿನ ಒಂದು ಜೆರಾಕ್ಸ್ ಮನೆಯಲ್ಲಿಡಿ. ಮುಂದೆ ಯಾರಾದರೂ ‘ಮುಚ್ಚಿಟ್ಟಿದ್ದ’ ಎಂದರೆ ಆ ಕಾಗದವೇ ಸಾಕ್ಷಿ.

ಗುತ್ತಿಗೆದಾರರ ಬಳಿ ಫಾರ್ಮು ಕೊಡುವಾಗ ಅಳಿಯನ ಜೊತೆ ನೀವೂ ಹೋಗಿ. ತೀರ್ಪನ್ನು ಕೈಗೆ ಕೊಟ್ಟು, ‘ಓದಿ ನೋಡ್ರಿ, ಏನರ ಕೇಳೂದಿದ್ರ ಈಗೇ ಕೇಳ್ರಿ’ ಎನ್ನಿ. ಅವರು ಒಪ್ಪದೇ ಹೋಗಬಹುದು. ಒಪ್ಪಿದರೆ, ಯಾವ ದಿನ ಯಾರು ಹಳೆಯ ಕೇಸು ಎತ್ತುತ್ತಾರೋ ಎಂಬ ಅಂಜಿಕೆಯಿಲ್ಲದೆ ಆ ಹುಡುಗ ನಾಳೆ ಗೇಟ್ ದಾಟುತ್ತಾನೆ.